ಹತ್ತನೆಯವಳು

ಚಿಕಲಠಾಣಾ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇತ್ತು. ನೀರಿನ ಪಂಪುಗಳಿಗೆ ಬೇಕಾಗುವ ಹಿತ್ತಾಳೆಯ ಬಿಡಿಭಾಗಗಳನ್ನು ಮಾಡುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಒಂಬತ್ತು ಹೆಸರು, ಶೆಡ್ಡಿನಲ್ಲಿ ಹತ್ತು ಜನ. ಹತ್ತನೆಯ ಹೆಸರು ಬರೆದ ದಿನವೇ ಇನ್ನೊಂದು ಕಾನೂನು, ಇನ್ನೊಂದು ಇಲಾಖೆ, ಇನ್ನೊಬ್ಬ ಸಾಹೇಬ ಗಂಟುಬೀಳುತ್ತಾರೆ ಎಂದು ನನ್ನ ತೆರಿಗೆ ಸಲಹೆಗಾರ ಹೆದರಿಸಿದ್ದ. ಮೊದಲೇ ತಿಂಗಳ ಅರ್ಧ ದಿನಗಳು ಜಿಎಸ್‌ಟಿ ರಿಟರ್ನಿಗೆ, ನೋಟಿಸುಗಳಿಗೆ ಉತ್ತರ ಬರೆಯುವುದಕ್ಕೇ ಹೋಗುತ್ತಿದ್ದವು. ಸರ್ಕಾರದ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ.

ಹತ್ತನೆಯವಳು ನಮ್ಮ ಬೀದರ್ ಕಡೆಯ ಹೆಂಗಸು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು, ಅವನು ತೀರಿಕೊಂಡ ಮೇಲೆ ನನ್ನಲ್ಲಿಗೆ ಬಂದಳು. ತಯಾರಾದ ಮಾಲಿನ ತಪಾಸಣೆ ಅವಳದು. ಅಳತೆ ಹಿಡಿಯುವ ಮೊದಲೇ ಬೆರಳಾಡಿಸಿ, “ಇದು ನಡ್ಯಾಂಗಿಲ್ರಿ” ಎಂದು ಬದಿಗಿಡುತ್ತಿದ್ದಳು. ಆಮೇಲೆ ಅಳೆದು ನೋಡಿದರೆ ಅವಳ ಮಾತೇ ಖರೆ. ಇನ್ಸ್‌ಪೆಕ್ಟರ್ ಬರುವ ಸುಳಿವು ಸಿಕ್ಕರೆ ಅವಳನ್ನು ಹಿಂದಿನ ಬಾಗಿಲಿನಿಂದ ಮನೆಗೆ ಕಳಿಸುತ್ತಿದ್ದೆ. ಆ ದಿನದ ಸಂಬಳ ಮುರಿಯುತ್ತಿರಲಿಲ್ಲ. ಅದನ್ನೇ ನಾನು ದೊಡ್ಡ ಉಪಕಾರ ಅಂದುಕೊಂಡಿದ್ದೆ.

ಒಮ್ಮೆ ನಾಶಿಕದ ಕಂಪನಿಯೊಂದು ದುಪ್ಪಟ್ಟು ಆರ್ಡರ್ ಕೊಡುತ್ತೇನೆಂದಿತು. ಅದಕ್ಕೆ ಇನ್ನೂ ಐದಾರು ಜನ ಬೇಕಿತ್ತು. ನಾಶಿಕದಿಂದ ವಾಪಸು ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿ, ಊರು ತಲುಪಿದ ಮೇಲೆ ಫೋನು ಮಾಡಿ ಬೇಡವೆಂದೆ. ಜನ ಧಂದೆ ಬೆಳೆಸಲು ಒದ್ದಾಡುತ್ತಾರೆ. ನಾನು ಅದು ಬೆಳೆಯದಂತೆ ಕಾವಲು ಕೂತೆ. ಆ ಆರ್ಡರ್ ಹಿಡಿದ ದೊಡ್ಡ ವರ್ಕ್‌ಶಾಪು ಕ್ರಮೇಣ ನನ್ನ ಹಳೆಯ ಗಿರಾಕಿಗಳನ್ನೂ ಎಳೆದುಕೊಂಡಿತು. ಕಳೆದ ವರ್ಷ ಶೆಡ್ ಮಾರಿದೆ. ಒಂಬತ್ತೂ ಜನರಿಗೆ ಅನುಭವ ಪತ್ರ ಬರೆದುಕೊಟ್ಟೆ.

ಅವಳು ಎಲ್ಲರೂ ಹೋದ ಮೇಲೆ ಬಂದಳು. ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯಲ್ಲಿ ತಪಾಸಣೆಗೆ ಜನ ಬೇಕಾಗಿದ್ದರು.

“ಮೊದಲ ಎಲ್ಲಿ ಕೆಲಸ ಮಾಡೀರಿ, ಪತ್ರ ತರ್ರಿ ಅಂದಾರ್ರಿ. ಪಕ್ಕಾ ನೌಕರಿ ಅದ. ಎರಡು ಸಾಲು ಬರದ್ರ ಸಾಕ್ರಿ.”

ಪೆನ್ನು ಕೈಯಲ್ಲೇ ಇತ್ತು. ಆ ಎರಡು ಸಾಲು ಬರೆದರೆ, ಇಷ್ಟು ವರ್ಷ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದಿದ್ದೇನೆಂದು ನಾನೇ ರುಜು ಹಾಕಿದಂತೆ. ಮತ್ತೆ ನೋಟಿಸು, ಮತ್ತೆ ದಂಡ, ಮತ್ತೆ ಕಚೇರಿಯ ಬಾಗಿಲು. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡೆ.

“ಪುಸ್ತಕದಾಗ ನಿಮ್ಮ ಹೆಸರಿಲ್ಲ. ಪತ್ರ ಕೊಡ್ಲಿಕ್ಕೆ ಬರಾಂಗಿಲ್ರಿ,” ಎಂದೆ.

ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ನನ್ನಿಂದ ಉತ್ತರ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯಿಂದ ಕೇಳಿದಳು.

“ಹಂಗಾರ ಹನ್ನೊಂದು ವರ್ಷ ನಾ ಎಲ್ಲಿದ್ದೆ ಅಂತ ಹೇಳ್ಲಿರಿ ಅವರಿಗಿ?”

“ಮನ್ಯಾಗ ಇದ್ದೆ ಅಂತ ಹೇಳ್ರಿ,” ಎಂದೆ.

ಆ ಮಾತನ್ನು ಯಾವ ಇಲಾಖೆಯೂ ನನ್ನ ಬಾಯಿಗೆ ತುರುಕಿರಲಿಲ್ಲ.