ಕಕ್ಷಿದಾರನ ಅಪ್ಪಣೆ

ಕುವೈತಿನ ರಿಗ್ಗೈಯಲ್ಲಿ ಹೋಗಿ ಸುಂದರನ ಮನೆ ಯಾವುದು ಎಂದು ಕೇಳಿದರೆ ನಮ್ಮ ಊರಿನವರೂ ತಲೆ ಕೆರೆದುಕೊಳ್ಳುತ್ತಿದ್ದರು. ಸಾಲಿಸಿಟರ್ ಎನ್ನಬೇಕು. ಹಾಗೆಂದರೆ ಎರಡನೇ ಮಹಡಿಯ ಬಾಗಿಲನ್ನು ಯಾರು ಬೇಕಾದರೂ ತೋರಿಸುತ್ತಿದ್ದರು. ಆ ಹೆಸರನ್ನು ಅವನಾಗಿ ಹಾಕಿಕೊಂಡದ್ದಲ್ಲ, ಅದು ನಿಜ. ಆದರೆ ಯಾರಾದರೂ ಹಾಗೆ ಕರೆದಾಗ 'ನಾನಿನ್ನೂ ಆಗಿಲ್ಲ ಮಾರಾಯ್ರೆ' ಎಂದು ಒಂದು ಮಾತು ಹೇಳಲಿಕ್ಕೆ ಅವನ ಬಾಯಿಗೆ ಬೀಗ ಬಿದ್ದಿತ್ತೆ? ಬಿದ್ದಿರಲಿಲ್ಲ. ಕೇಳಲಿಕ್ಕೆ ಹಿತವಾಗಿತ್ತು, ಕೇಳಿಸಿಕೊಂಡು ಸುಮ್ಮನಿದ್ದ.

ಆಗುವ ಹಾದಿಯಲ್ಲಿ ಬಹಳ ದೂರ ನಡೆದವನು ಎನ್ನುವುದನ್ನೂ ಹೇಳಬೇಕು. ಮೂಲ್ಕಿ ಕಡೆಯ ಹುಡುಗ, ಬೊಂಬಾಯಿಯ ಫೋರ್ಟಿನಲ್ಲಿ ಮಾವನ ಹೋಟೆಲಿನ ಗಲ್ಲೆಯಲ್ಲಿ ಕೂತು ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ. ಆಮೇಲೆ ಬೆಳಗಿನ ಕಾಲೇಜಿನಲ್ಲಿ ಕಾನೂನು ಓದಿದ. ಅಲ್ಲಿಗೆ ವಕೀಲನಾಗಿ ಕೋರ್ಟಿಗೆ ಹೋಗಬಹುದಿತ್ತು. ಆದರೆ ಅವನ ಕಣ್ಣು ಇದ್ದದ್ದು ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಸಾಲಿಸಿಟರುಗಳ ಮೇಲೆ. ಅವರು ಗಂಟಲು ಹರಿದುಕೊಂಡು ವಾದಿಸುವವರಲ್ಲ. ಕಕ್ಷಿದಾರನ ಕಾಗದಪತ್ರ, ಕರಾರು, ಗುಟ್ಟು ಎಲ್ಲವನ್ನೂ ಕಪಾಟಿನಲ್ಲಿಟ್ಟು ಮೆಲ್ಲಗೆ ಮಾತಾಡುವವರು. ಅದಾಗಬೇಕಾದರೆ ಹಿರಿಯ ಸಾಲಿಸಿಟರೊಬ್ಬರ ಕೈಕೆಳಗೆ ಕೆಲವು ವರ್ಷ ಆರ್ಟಿಕಲ್ ಕ್ಲರ್ಕ್ ಆಗಿ ದುಡಿದು, ಕೊನೆಗೊಂದು ಪರೀಕ್ಷೆ ಪಾಸಾಗಬೇಕು. ಸುಂದರ ಮುದುಕ ಪಾರ್ಸಿಯೊಬ್ಬರ ಆಫೀಸಿನಲ್ಲಿ ದುಡಿದ. ಪರೀಕ್ಷೆಯನ್ನು ಎರಡು ಸಲ ಬರೆದ, ಎರಡು ಸಲವೂ ಫೇಲಾದ.

ಮೂರನೆಯ ಸಲ ಬರೆಯುವ ಧೈರ್ಯವಿಲ್ಲದೆ ಕುವೈತಿಗೆ ಬಂದವನು, ನಗರದಲ್ಲಿ ಒಬ್ಬ ಅರಬಿ ವಕೀಲರ ಆಫೀಸಿನಲ್ಲಿ ಇಂಗ್ಲಿಷ್ ಕರಾರು ಬರೆಯುವ ಗುಮಾಸ್ತನಾದ. ಮದುವೆಯಾಯಿತು, ಉಮಾವತಿ ಬಂದಳು. ಅವಳು ಗಂಡನ ಪರೀಕ್ಷೆಯ ಕತೆ ಗೊತ್ತಿದ್ದೂ ನೆರೆಹೊರೆಯಲ್ಲಿ "ನಮ್ಮ ಇವರು ಸಾಲಿಸಿಟರ್ ಲೈನಿನವರು" ಎನ್ನುತ್ತಿದ್ದಳು. ಲೈನು ಎಂಬ ಮಾತು ಬರುಬರುತ್ತಾ ಉದುರಿಹೋಯಿತು.

ಪಾರ್ಸಿ ಮುದುಕರು ಕಲಿಸಿದ್ದರಲ್ಲಿ ಒಂದು ಪಾಠ ಮಾತ್ರ ಸುಂದರನ ರಕ್ತಕ್ಕೇ ಇಳಿದಿತ್ತು. ಕಕ್ಷಿದಾರ ನಂಬಿ ಇಟ್ಟುಹೋದ ಕಾಗದವನ್ನು ಅವನ ಅಪ್ಪಣೆಯಿಲ್ಲದೆ ಯಾರಿಗೂ ಕೊಡಬಾರದು, ದೇವರೇ ಬಂದು ಕೇಳಿದರೂ ರಸೀದಿ ತಾ ಅನ್ನಬೇಕು. ಅರಬಿ ವಕೀಲರು ಇದಕ್ಕೇ ಅವನನ್ನು ಮೆಚ್ಚಿ ಸ್ಟೀಲ್ ಕಪಾಟಿನ ಬೀಗದ ಕೈ ಕೊಟ್ಟಿದ್ದರು.

ಆ ಕಪಾಟಿನಲ್ಲಿ ಕರಾರುಗಳಿಗಿಂತ ಪಾಸ್‌ಪೋರ್ಟುಗಳೇ ಹೆಚ್ಚು. ಕೆಲಸಕ್ಕೆ ಕರೆಸಿಕೊಂಡ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಆಳುಗಳ ಪಾಸ್‌ಪೋರ್ಟನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಯಾರೂ ಅದನ್ನು ತಪ್ಪೆಂದು ಎಣಿಸುತ್ತಿರಲಿಲ್ಲ. ವಫ್ರಾದಲ್ಲಿ ತೋಟವಿದ್ದ ಕಫೀಲನೊಬ್ಬ ಪ್ರತಿ ಬೇಸಿಗೆಗೆ ಲಂಡನ್ನಿಗೆ ಹೋಗುತ್ತಿದ್ದ. ತಾನಿಲ್ಲದಾಗ ಆಳುಗಳು ಓಡಿಹೋದಾರು ಎಂದು ಅವರ ಪಾಸ್‌ಪೋರ್ಟುಗಳನ್ನು ರಬ್ಬರ್ ಬ್ಯಾಂಡು ಹಾಕಿ ತಂದು ಇದೇ ಆಫೀಸಿನಲ್ಲಿ ಇಟ್ಟು ಹೋಗುತ್ತಿದ್ದ. ಆಫೀಸಿನ ಗುಮಾಸ್ತನಾದ ಸುಂದರನ ಪಾಸ್‌ಪೋರ್ಟ್ ಅದೇ ಕಪಾಟಿನ ಮೇಲಿನ ಅರೆಯಲ್ಲಿತ್ತು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಒಳಗೆ ಬಂತು. ಕಫೀಲ್ ಲಂಡನ್ನಿನಲ್ಲಿ, ವಕೀಲರು ಕೈರೋದಲ್ಲಿ, ಫೋನು ಸತ್ತಿತ್ತು. ಮಂಗಫಿನಲ್ಲಿ ಕಂಪನಿ ಬಸ್ಸು ಓಡಿಸುತ್ತಿದ್ದ ಬ್ಯಾರಿ ಮಮ್ಮು, ಹೇಗೋ ಒಂದು ಬಸ್ಸು ಹೊಂದಿಸಿ ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಗಡಿಗೆ ಹೊರಡುವುದೆಂದು ಊರಿನವರಿಗೆ ಸುದ್ದಿ ಮುಟ್ಟಿಸಿದ. "ಪಾಸ್‌ಪೋರ್ಟ್ ಉಂಟಾದ್ರೆ ಮಾತ್ರ ಬನ್ನಿ. ಇಲ್ಲದವರನ್ನು ಗಡಿಯಲ್ಲಿ ಇಳಿಸ್ತಾರಂತೆ. ಮರಳಲ್ಲಿ ಬಿಟ್ಟುಬರ್ಲಿಕ್ಕೆ ನನ್ನಿಂದಾಗುದಿಲ್ಲ" ಎಂದ.

ಮರುದಿನ ಬೆಳಿಗ್ಗೆಯೇ ಸುಂದರ ಜೀವ ಕೈಯಲ್ಲಿ ಹಿಡಿದುಕೊಂಡು ನಗರಕ್ಕೆ ಹೋದ. ಕಪಾಟು ತೆರೆದ. ತನ್ನ ಪಾಸ್‌ಪೋರ್ಟ್ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. ಉಮಾವತಿಯದೂ ಅಲ್ಲೇ ಇತ್ತು, ಅದನ್ನೂ ಹಾಕಿಕೊಂಡ. ಯಾರ ಅಪ್ಪಣೆ, ಯಾರ ರಸೀದಿ ಎಂಬ ಯೋಚನೆ ಅವನ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಕಪಾಟಿಗೆ ಮತ್ತೆ ಬೀಗ ಹಾಕುವಷ್ಟರಲ್ಲಿ ಬಾಗಿಲಲ್ಲಿ ಫಕೀರಪ್ಪ ನಿಂತಿದ್ದ.

ಫಕೀರಪ್ಪ ಗದಗಿನ ಕಡೆಯವನು, ವಫ್ರಾದ ಆ ತೋಟದ ಪಂಪು ರಿಪೇರಿ ಮಾಡುವ ಮೆಕ್ಯಾನಿಕ್. ಬಸ್ಸಿಲ್ಲದ ದಾರಿಯಲ್ಲಿ ಅವರಿವರ ಗಾಡಿ ಹತ್ತಿ ಇಳಿದು ಬಂದಿದ್ದ, ಮುಖದ ತುಂಬ ಧೂಳು.

"ಸಾಲಿಸಿಟರ್ ಸಾಹೇಬ್ರ, ದೇವರು ಸಿಕ್ಕಂಗಾತು ನೋಡ್ರಿ. ನಂದೊಂದು ಪಾಸ್‌ಪೋರ್ಟ್ ಕೊಟ್ಟುಬಿಡ್ರಿ. ಮಮ್ಮು ಭಾಯಿ ಬಸ್ಸಿನ್ಯಾಗ ಜಾಗಾ ಇಟ್ಟಾನ."

ಕೊಡುವುದು ಎಷ್ಟು ಸುಲಭವಿತ್ತು! ಬೀಗದ ಕೈ ಇನ್ನೂ ಬೆರಳಲ್ಲೇ ಇತ್ತು. ಆದರೆ ಸಾಲಿಸಿಟರ್ ಸಾಹೇಬ್ರ ಎಂಬ ಆ ಮಾತು ಕಿವಿಗೆ ಬಿದ್ದದ್ದೇ ಸುಂದರನ ಬೆನ್ನು ತಾನಾಗಿ ನೆಟ್ಟಗಾಯಿತು. ಹೊರಗೆ ಟ್ಯಾಂಕು ಓಡಾಡುತ್ತಿದ್ದರೂ ಒಳಗೆ ತಾನೊಬ್ಬನಾದರೂ ಕಾಯಿದೆ ಕಾಯುತ್ತಿದ್ದೇನೆ ಎಂಬ ಜಂಬ. ಪಾರ್ಸಿ ಮುದುಕರ ದನಿ ಬೇರೆ ಕಿವಿಯಲ್ಲಿ. ಕೊಟ್ಟರೆ ನಾಳೆ ಕಫೀಲ್ ಬಂದು ಕೇಳಿಯಾನು ಎಂಬ ಹೆದರಿಕೆಯೂ ಇತ್ತು, ಆದರೆ ಹೆದರಿಕೆಗಿಂತ ಜಂಬವೇ ದೊಡ್ಡದಿತ್ತು.

"ನೋಡಿ ಫಕೀರಪ್ಪ, ಇದು ನಿಮ್ಮ ಕಫೀಲ್ ಇಟ್ಟು ಹೋದದ್ದು. ಕಕ್ಷಿದಾರ ಅವರು, ನೀವಲ್ಲ. ಅವರ ಅಪ್ಪಣೆ ಇಲ್ಲದೆ ನಾನು ಕೊಡ್ಲಿಕ್ಕೆ ಬರುದಿಲ್ಲ. ಕಾಯಿದೆ ಹಾಗುಂಟು."

"ಅಂವ ಲಂಡನ್ಯಾಗ ಅದಾನಲ್ರಿ. ಅಪ್ಪಣಿ ಎಲ್ಲಿಂದ ತರ್ಲಿ?"

"ನನ್ನ ಕೈ ಕಟ್ಟಿದೆ. ಬೇಸರ ಮಾಡ್ಬೇಡಿ."

ಫಕೀರಪ್ಪ ಕಪಾಟನ್ನೊಮ್ಮೆ ನೋಡಿದ. ದಪ್ಪ ಮೈಯ, ಕಬ್ಬಿಣ ಬಗ್ಗಿಸುವ ಕೈಯ ಮನುಷ್ಯ. ಸುಂದರನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ಕಿತ್ತುಹಾಕಬಹುದಿತ್ತು. "ಕಾಯ್ದೆ ಅಂದ್ರ ಕಾಯ್ದೆನ ಬಿಡ್ರಿ. ನಿಮ್ಮದೇನ್ ತಪ್ಪೈತಿ" ಎಂದ. ಅಂಗಿಯ ಕಿಸೆಯೊಳಗೆ ಎರಡು ಪಾಸ್‌ಪೋರ್ಟುಗಳು ಸುಂದರನ ಎದೆಗೆ ಒತ್ತುತ್ತಿದ್ದವು.

ಬಸ್ಸು ಹೊರಡುವ ದಿನ ಫಕೀರಪ್ಪ ರಿಗ್ಗೈಗೆ ಬಂದ. ಹೋಗಲಿಕ್ಕಲ್ಲ, ಕಳಿಸಲಿಕ್ಕೆ. ಊರಲ್ಲಿ ಹೆಂಡತಿ ಬಾಳಕ್ಕನಿಗೆ ತಾನು ಬದುಕಿದ್ದೇನೆಂದು ಹೇಗಾದರೂ ಸುದ್ದಿ ಮುಟ್ಟಿಸಿ ಎಂದು ವಿಳಾಸ ಹೇಳಿದ. ಆಮೇಲೆ ಬಸ್ಸಿನ ಮೇಲೆ ಹತ್ತಿ ಉಮಾವತಿಯ ಸೂಟ್‌ಕೇಸುಗಳನ್ನು ಹಗ್ಗ ಬಿಗಿದು ಕಟ್ಟಿದ. "ನಡುವ ಬೀಳಬಾರದು ನೋಡ್ರಿ ಅಕ್ಕಾರ" ಎಂದು ಗಂಟಿನ ಮೇಲೆ ಗಂಟು ಹಾಕಿದ. ಸುಂದರ ಕಿಟಕಿಯ ಪಕ್ಕ ಕೂತು ಇನ್ನೊಂದು ಕಡೆ ನೋಡುತ್ತಿದ್ದ. ಬಸ್ಸು ಹೊರಟು ಒಂದು ವಾರಕ್ಕೆ ವಕೀಲರ ಆಫೀಸನ್ನು ಲೂಟಿ ಮಾಡಿ ಬೆಂಕಿ ಹಚ್ಚಿದರೆಂದು, ಕಪಾಟಿನೊಂದಿಗೆ ಅದರಲ್ಲಿದ್ದದ್ದೆಲ್ಲ ಬೂದಿಯಾಯಿತೆಂದು, ಅವನಿಗೆ ಅಮ್ಮಾನಿನ ನಿರಾಶ್ರಿತರ ಡೇರೆಯಲ್ಲಿ ಗೊತ್ತಾಯಿತು. ಆ ದಿನ ಸಾಲಿನಲ್ಲಿ ನಿಂತು ತಂದ ಊಟವನ್ನು ಪಕ್ಕದ ಡೇರೆಯ ಮಕ್ಕಳಿಗೆ ಕೊಟ್ಟುಬಿಟ್ಟ. ಏನಾಯಿತೆಂದು ಉಮಾವತಿ ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದ.

ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಬಂದವನು ಮಾಡಲಿಕ್ಕೆ ಬೇರೆ ಕೆಲಸವಿಲ್ಲದೆ ಮೂರನೆಯ ಸಲ ಪರೀಕ್ಷೆಗೆ ಕೂತ. ಹಟದಿಂದ ಓದಿದ ಅನ್ನುವುದಕ್ಕಿಂತ, ಪುಸ್ತಕ ಮುಚ್ಚಿದರೆ ಬಸ್ಸಿನ ಮೇಲೆ ಗಂಟು ಬಿಗಿಯುವ ಆ ಕೈ ಕಾಣುತ್ತದೆಂದು ಓದಿದ. ವಿಧಿಗೂ ಒಂದು ಕುಚೋದ್ಯದ ಬುದ್ಧಿಯಿರಬೇಕು. ಪ್ರಶ್ನೆಪತ್ರಿಕೆಯಲ್ಲಿ ಅದೇ ಬಂತು: ಬೇರೊಬ್ಬನಿಗೆ ಸೇರಿದ ವಸ್ತುವನ್ನು ಕಕ್ಷಿದಾರ ತಂದು ಸಾಲಿಸಿಟರ್ ಬಳಿ ಇಟ್ಟಿದ್ದಾನೆ, ಅದು ಯಾರದೋ ಅವನೇ ಬಂದು ಕೇಳಿದರೆ ಸಾಲಿಸಿಟರ್ ಏನು ಮಾಡಬೇಕು?

ಸುಂದರ ಬೇರೆ ಪ್ರಶ್ನೆಗಳನ್ನು ಬಿಟ್ಟು ಮೊದಲು ಅದನ್ನೇ ಎತ್ತಿಕೊಂಡ. ಉತ್ತರ ಅವನಿಗೆ ಗೊತ್ತಿತ್ತು. ಹಿಂದಿನ ಎರಡು ಸಲ ಓದಿದಾಗಲೂ ಆ ಪುಟದ ಮೇಲೆ ಕಣ್ಣು ಹಾಯಿಸಿಯೇ ಮುಂದೆ ಹೋಗಿದ್ದ. ಕಕ್ಷಿದಾರನಿಗೇ ಇಲ್ಲದ ಹಕ್ಕು ಅವನ ಸಾಲಿಸಿಟರಿಗೆ ಬರುವುದಿಲ್ಲ. ಒಬ್ಬನ ಪಾಸ್‌ಪೋರ್ಟನ್ನು ಇನ್ನೊಬ್ಬ ಹಿಡಿದಿಡುವಂತಿಲ್ಲ. ಕೇಳಿದವನಿಗೆ ಕೊಡಬೇಕು, ಅಷ್ಟೆ. ಅಪ್ಪಣೆಯ ಮಾತೇ ಇಲ್ಲ. ವಸ್ತು ಎಂದಿದ್ದ ಕಡೆ ಪಾಸ್‌ಪೋರ್ಟನ್ನೇ ಉದಾಹರಣೆ ಕೊಟ್ಟು ಪುಟಗಟ್ಟಲೆ ಬರೆದ. ಅದೇ ಪತ್ರಿಕೆಯಲ್ಲಿ ಅವನಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು. ಪಾಸಾದ. ಮಾವ ಹೋಟೆಲಿನಲ್ಲಿ ಎಲ್ಲರಿಗೂ ಸಿಹಿ ಹಂಚಿಸಿದರು. ಫಕೀರಪ್ಪನ ಪಾಸ್‌ಪೋರ್ಟನ್ನೇ ಮಾರಿ ಕೊಂಡು ತಂದ ಹಾಗೆ ಅನ್ನಿಸಿ ಸುಂದರ ತನ್ನ ಪಾಲಿನ ಲಾಡನ್ನು ಗಲ್ಲೆಯ ಮೇಲೆಯೇ ಬಿಟ್ಟು ಎದ್ದ.

ಯುದ್ಧ ಮುಗಿದು, ತೊಂಬತ್ತೊಂದರ ಅಕ್ಟೋಬರಿನಲ್ಲಿ ಒಂದು ವ್ಯಾಪಾರಿ ಕಂಪನಿ ಅವನನ್ನು ಕುವೈತಿಗೆ ವಾಪಸ್ ಕರೆಸಿಕೊಂಡಿತು. ಈ ಸಲ ಗುಮಾಸ್ತನಾಗಿ ಅಲ್ಲ, ಸಾಲಿಸಿಟರಾಗಿ. ತೆಂಕಣ ದಿಕ್ಕಿನಲ್ಲಿ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು, ಒಣಗಿಸಿದ ಬಟ್ಟೆಯ ಮೇಲೆಲ್ಲ ಮಸಿ. ಊರಿನವರು ಒಬ್ಬೊಬ್ಬರಾಗಿ ಮರಳುತ್ತಿದ್ದರು. ವಿಮಾನ ನಿಲ್ದಾಣಕ್ಕೆ ಬಂದಿದ್ದ ಮಮ್ಮು ದಾರಿಯಲ್ಲೇ ಎಲ್ಲರ ಸುದ್ದಿ ಹೇಳಿದ.

"ಫಕೀರಪ್ಪ ಇದ್ದಾನೆ, ಗೊತ್ತುಂಟಾ? ನಾವು ಹೋದ ಮೇಲೆ ಸೈನಿಕರು ತೋಟದ ಪಂಪು ಬಿಚ್ಚಿಕೊಡು ಅಂತ ಹೇಳಿದ್ರಂತೆ. ಆಗುದಿಲ್ಲ ಅಂದದ್ದಕ್ಕೆ ಬಂದೂಕಿನ ಹಿಂಬದಿಯಲ್ಲಿ ಕೆನ್ನೆಗೆ ಹೊಡೆದ್ರು. ಎಡಕಿವಿ ಖಲಾಸ್. ಆಮೇಲೆ ಎಂಬೆಸಿಯವರು ಒಂದು ಕಾಗದ ಕೊಟ್ಟು ಊರಿಗೆ ಕಳಿಸಿದ್ರು. ಈಗ ಹೊಸ ಪಾಸ್‌ಪೋರ್ಟ್ ಮಾಡಿಸಿ ವಾಪಸ್ ಬಂದಿದ್ದಾನೆ. ನಿಮ್ಮನ್ನು ನೋಡ್ಬೇಕಂತೆ."

ನೋಡಬೇಕಂತೆ ಎಂಬ ಮಾತು ಮನೆ ತಲುಪುವವರೆಗೆ ಸುಂದರನ ಎದೆಯಲ್ಲಿ ಕುಟ್ಟುತ್ತಿತ್ತು. ಬೈಯಲಿ, ಕೊರಳಪಟ್ಟಿ ಹಿಡಿಯಲಿ, ಅದಾದರೂ ಆಗಲಿ ಎಂದುಕೊಂಡ.

ಶುಕ್ರವಾರ ಮಧ್ಯಾಹ್ನ ರಿಗ್ಗೈಯ ಅದೇ ಮನೆಯಲ್ಲಿ ಊರಿನವರು ಸೇರಿದರು. ನಮ್ಮವರಲ್ಲಿ ಒಬ್ಬ ಸಾಲಿಸಿಟರ್ ಆದ, ಒಂದು ಶಾಲು ಹೊದಿಸಬೇಡವೇ? ಉಮಾವತಿ ಗೋಳಿಬಜೆ ಕರಿದಿದ್ದಳು. ಇಷ್ಟು ವರ್ಷ ಬಾಯಲ್ಲಿದ್ದ ಹೆಸರು ಕೊನೆಗೂ ನಿಜವಾಯಿತೆಂದು ಅವಳ ಮುಖದಲ್ಲಿ ಸಂತೋಷ ಹಿಡಿಸುತ್ತಿರಲಿಲ್ಲ. ಮಮ್ಮು ಶಾಲು ಹೊದಿಸಿದ. ಯಾರಾದರೂ ಎರಡು ಮಾತಾಡಿ ಎಂದಾಗ ಮೂಲೆಯಿಂದ ಫಕೀರಪ್ಪ ಎದ್ದ. ಮೈ ಇಳಿದುಹೋಗಿತ್ತು.

"ನಾ ಹೇಳ್ತೀನಿ ಕೇಳ್ರಿ. ಊರಿಗೂರ ಲೂಟಿ ಹೊಡಿಯಾಕತ್ತಿತ್ತು. ಅಂಥಾದ್ರಾಗ ನನ್ನ ಪಾಸ್‌ಪೋರ್ಟ್ ನಾನ ಕೇಳಿದ್ರೂ ಇವರು ಕೊಡಲಿಲ್ಲ. ಯಾಕ? ಕಾಯ್ದೆ! ನನಗ ತ್ರಾಸ ಆತು, ಆಗಲಿ. ಊರಾಗ ನಮ್ಮ ಬಾಳಕ್ಕನೂ ಇವರಿಗೆ ಬಾಯಿಗೆ ಬಂದಂಗ ಬೈದ್ಲು. ನಾ ಅಂದೆ, ಹುಚ್ಚಿ, ಇದ್ರ ಇಂಥಾ ಮನಷ್ಯಾ ಇರಬೇಕು ಅಂದೆ."

ಜನ ಚಪ್ಪಾಳೆ ತಟ್ಟಿದರು. ಸುಂದರನಿಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಫಕೀರಪ್ಪ ಹತ್ತಿರ ಬಂದು ಕಿಸೆಯಿಂದ ಹೊಸ ಪಾಸ್‌ಪೋರ್ಟ್ ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ಹೊಸಾ ಕಫೀಲ್ ಕೇಳಾಕತ್ತಾನ್ರಿ. ನಮ್ಮ ಸಾಲಿಸಿಟರ್ ಸಾಹೇಬ್ರ ಹತ್ರ ಇರತೈತಿ ಅಂದೀನಿ. ನನಗ ಕೊಡದವರು ಇನ್ನೊಬ್ಬರಿಗೆ ಕೊಡ್ತೀರೇನು? ಇಟ್ಕೊಳ್ರಿ."

ಸುಂದರನ ಕೈ ಮೇಲೇಳಲಿಲ್ಲ. ಇಟ್ಟುಕೊಂಡು ಸುಮ್ಮನಾಗಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಇಟ್ಟುಕೊಂಡರೆ ಮುಂದೆ ಆ ಹೆಸರಿನಿಂದ ಕರೆದವರ ಮುಖ ನೋಡುವುದು ಹೇಗೆ ಎನ್ನಿಸಿತು. ತಲೆ ತಗ್ಗಿಸಿ ಮೆಲ್ಲಗೆ, "ಅವತ್ತು ಕೊಡ್ಬೇಕಿತ್ತು ಫಕೀರಪ್ಪ" ಎಂದ.

ಫಕೀರಪ್ಪ ಮುಖ ಹೊರಳಿಸಿ ಬಲಕಿವಿ ಮುಂದೆ ಮಾಡಿದ. "ಈ ಕಡಿ ಹೇಳ್ರಿ ಸಾಹೇಬ್ರ. ಆ ಕಿವಿ ಕೇಳಂಗಿಲ್ಲ."

ಹಾಗಾಗಿ ಸುಂದರ ಅದನ್ನು ಗಟ್ಟಿಯಾಗಿ ಹೇಳಬೇಕಾಯಿತು, ಇಡೀ ಕೋಣೆಗೆ ಕೇಳುವ ಹಾಗೆ. "ಅವತ್ತು ಕೊಡ್ಬೇಕಿತ್ತು. ಕಾಯಿದೆ ಹಾಗಿರ್ಲಿಲ್ಲ. ನಿಮ್ಮದನ್ನು ನಿಮಗೆ ಕೊಡ್ಲಿಕ್ಕೆ ಯಾರ ಅಪ್ಪಣೆಯೂ ಬೇಡ. ನಾನು ಆಗ ಸಾಲಿಸಿಟರೂ ಅಲ್ಲ, ಪರೀಕ್ಷೆಯಲ್ಲಿ ಫೇಲಾದವ. ನನ್ನ ಪಾಸ್‌ಪೋರ್ಟೂ ಅದೇ ಕಪಾಟಲ್ಲಿತ್ತು. ನೀವು ಬಾಗಿಲಲ್ಲಿ ನಿಂತಾಗ ಅದು ನನ್ನ ಕಿಸೆಯಲ್ಲಿತ್ತು."

ಉಮಾವತಿ ತಟ್ಟೆ ಹಿಡಿದವಳು ಹಾಗೇ ನಿಂತುಬಿಟ್ಟಳು; ಆ ಕಿಸೆಯಲ್ಲಿ ತನ್ನದೂ ಇತ್ತೆಂದು ಅವಳಿಗೆ ಹೊಳೆದಿರಬೇಕು.

ಫಕೀರಪ್ಪನ ಮುಖದಲ್ಲಿದ್ದ ನಗು ಒಮ್ಮೆಗೇ ಹೋಗಲಿಲ್ಲ, ಮೆಲ್ಲಗೆ ಹೋಯಿತು. ಇಷ್ಟು ದಿನ ಅವನು ಹೋದ ಕಿವಿಯನ್ನು ಕಾಯಿದೆಯ ಲೆಕ್ಕಕ್ಕೆ ಬರೆದು ಸಮಾಧಾನ ಮಾಡಿಕೊಂಡಿದ್ದ.

"ಹಂಗಂದ್ರ, ಕೊಡಬಹುದಿತ್ತೇನ್ರಿ?"

"ಕೊಡ್ಬಹುದಿತ್ತು."

ಅವನು ಪಾಸ್‌ಪೋರ್ಟನ್ನು ಅಂಗಿಯ ಒಳಕಿಸೆಗೆ ಹಾಕಿ ಗುಂಡಿ ಹಾಕಿಕೊಂಡ. ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡಿದ.

"ಬರ್ತೀನಿ, ಸುಂದರಪ್ಪ" ಎಂದ.

ಸುಂದರ ಶಾಲು ತೆಗೆದು ಮಡಚಿದ. ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಕೈಯಲ್ಲೇ ಹಿಡಿದುಕೊಂಡು ನಿಂತ.