ಲೈಟ್‌ಹೌಸ್ ಟ್ರ್ಯಾಕ್‌ನ ಎಡ ತಿರುವು

ಕೊರೊನಾದ ಲಾಕ್‌ಡೌನ್‌ಗಳೆಲ್ಲ ಮುಗಿದ ಮೇಲಿನ ಎರಡನೆಯ ಮಳೆಗಾಲ. ಮೂಡುಬಿದಿರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿತ್ತು. ಇಪ್ಪತ್ತೆಂಟು ವರ್ಷ ಕೈಕಾಲು ಬಿದ್ದವರನ್ನು ಎಬ್ಬಿಸಿ ನಡೆಸಿದ ಮೇಲೆ ಮನುಷ್ಯರಿಗೆ ಒಂದು ಅಹಂಕಾರ ಬರುತ್ತದೆ. ನನಗೂ ಬಂದಿತ್ತು. ಈ ಬರಹದಲ್ಲಿ ಯಾರನ್ನಾದರೂ ದೂರುವುದಿದ್ದರೆ ಓದುಗರು ಮೊದಲು ನನ್ನನ್ನೇ ದೂರಬೇಕು.

ನಮ್ಮ ವಿಭಾಗದ ಮೂಲೆಯಲ್ಲಿ ಒಂದು ಟಿ.ವಿ., ಅದಕ್ಕೆ ಜೋಡಿಸಿದ ಹಳೆಯ ಗೇಮ್ ಕನ್ಸೋಲ್, ಮೇಜಿಗೆ ಬಿಗಿದ ಪ್ಲಾಸ್ಟಿಕ್ ಸ್ಟೇರಿಂಗ್ ಇದ್ದವು. ಕುವೈತ್‌ನಿಂದ ಊರಿಗೆ ಮರಳಿದ ರೋಗಿಯೊಬ್ಬರು, ಮನೆಯಲ್ಲಿ ಈಗ ಇದನ್ನು ಮುಟ್ಟುವವರಿಲ್ಲ ಎಂದು ಕೊಟ್ಟುಹೋದದ್ದು. ಅದರಲ್ಲಿದ್ದದ್ದು ಪುಟ್ಟ ಬಂಡಿಗಳ ರೇಸು, ಕಾರ್ಟ್ ರೇಸಿಂಗ್ ಎನ್ನುತ್ತಾರೆ. ಆ ಆಟದ ಸರಣಿಯಲ್ಲಿ ಹಲವು ಭಾಗಗಳು ಬಂದಿವೆ; ನಮ್ಮಲ್ಲಿದ್ದದ್ದು ಮೂರನೆಯದು. ಪ್ರತಿ ಭಾಗಕ್ಕೂ ಹೊಸ ಟ್ರ್ಯಾಕ್‌ಗಳನ್ನು ಮಾಡಿದರೂ ಒಂದನ್ನು ಮಾತ್ರ ಎಲ್ಲದರಲ್ಲೂ ಉಳಿಸಿಕೊಂಡು ಬಂದಿದ್ದಾರೆ. ಬಂದರಿನಿಂದ ಹೊರಟು, ಮರದ ಸೇತುವೆ ದಾಟಿ, ಸುರಂಗ ಹೊಕ್ಕು, ದೀಪಸ್ತಂಭಕ್ಕೆ ಒಂದು ಸುತ್ತುಹಾಕಿ ಮತ್ತೆ ಬಂದರಿಗೆ ಬರುವ ದಾರಿ ಅದು. ನಾವು ಅದನ್ನು ಲೈಟ್‌ಹೌಸ್ ಟ್ರ್ಯಾಕ್ ಎನ್ನುತ್ತಿದ್ದೆವು. ಪಾರ್ಶ್ವವಾಯುವಿನಿಂದ ಕೈಯ ಹಿಡಿತ ಹೋದವರಿಗೆ ಸ್ಟೇರಿಂಗ್ ತಿರುಗಿಸುವುದು ಒಳ್ಳೆಯ ವ್ಯಾಯಾಮ. ಒಂದು ಸುತ್ತಿಗೆ ಎಷ್ಟು ಸಮಯ ಹಿಡಿಯಿತೆಂದು ಪರದೆಯೇ ಹೇಳುತ್ತದೆ, ಬರೆದಿಟ್ಟುಕೊಂಡರೆ ಸುಧಾರಣೆ ಅಂಕೆಯಲ್ಲಿ ಕಾಣುತ್ತದೆ. ನನಗೆ ಅಂಕೆಗಳೆಂದರೆ ಭಾರಿ ಪ್ರೀತಿ.

ಸದಾನಂದಣ್ಣ ಬಂದದ್ದು ಜುಲೈ ಕೊನೆಯಲ್ಲಿ, ಆಟಿ ತಿಂಗಳ ಮಳೆಯಲ್ಲಿ. ವಯಸ್ಸು ನಲವತ್ತೇಳು, ಮಡಂತ್ಯಾರಿನ ಹತ್ತಿರ ಮನೆ. ಬಿ.ಸಿ.ರೋಡ್‌ನಿಂದ ಬೆಳ್ತಂಗಡಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತೊಂದು ವರ್ಷ ಡ್ರೈವರ್. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎಡಗೈ, ಎಡಗಾಲು ಬಿದ್ದಿದ್ದವು. ಅವರ ಹೆಂಡತಿ ಶಶಿಕಲಾ ಮೊದಲ ದಿನವೇ ನನ್ನನ್ನು ಬದಿಗೆ ಕರೆದು, "ಡಾಕ್ಟ್ರೇ, ಎಲೆಯ ಎಡಬದಿಗೆ ಬಡಿಸಿದ ಉಪ್ಪಿನಕಾಯಿ ಇವರಿಗೆ ಕಾಣುವುದೇ ಇಲ್ಲ. ಬಡಿಸಲೇ ಇಲ್ಲ ಅಂತ ನನ್ನ ಹತ್ತಿರ ಜಗಳ" ಎಂದರು. ಇದಕ್ಕೆ ಲೆಫ್ಟ್ ನೆಗ್ಲೆಕ್ಟ್ ಎನ್ನುತ್ತಾರೆ. ಕಣ್ಣಿಗೆ ಏನೂ ಆಗಿರುವುದಿಲ್ಲ. ಎಡಗಡೆ ಇರುವುದನ್ನು ಮೆದುಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇದರಲ್ಲಿ ಕೆಟ್ಟದ್ದೆಂದರೆ, ತನಗೆ ಏನೋ ಕಾಣುತ್ತಿಲ್ಲ ಎಂಬುದು ರೋಗಿಗೆ ಗೊತ್ತೇ ಆಗುವುದಿಲ್ಲ. ಕೈಕಾಲು ಬೇಗ ಸರಿಯಾಗಬಹುದು, ಇದು ತಿಂಗಳುಗಟ್ಟಲೆ ಕೂತುಬಿಡಬಹುದು.

ನಮ್ಮಿಬ್ಬರ ಮನೆಮಾತೂ ತುಳುವೇ. ಆದರೆ ಬಿಳಿ ಕೋಟು ಕಂಡರೆ ಕನ್ನಡದಲ್ಲಿ ಮಾತಾಡುವುದು ನಮ್ಮ ಕಡೆಯ ಒಂದು ಮರ್ಯಾದೆ, ಸದಾನಂದಣ್ಣ ಆ ಮರ್ಯಾದೆ ಬಿಟ್ಟವರಲ್ಲ. ಸ್ಟೇರಿಂಗಿನ ಮುಂದೆ ಕೂರಿಸಿದಾಗ ನಕ್ಕರು.

"ಎಂತ ಡಾಕ್ಟ್ರೇ, ಈ ಪ್ರಾಯದಲ್ಲಿ ಮಕ್ಕಳಾಟಿಕೆಯಾ?"

"ಮತ್ತೆ ಬಸ್ ಬಿಡ್ಲಿಕ್ಕೆ ಮನಸ್ಸುಂಟಾ ಇಲ್ವಾ ನಿಮಗೆ?"

"ಅದೊಂದು ಬಿಟ್ಟು ನನಗೆ ಬೇರೆ ಎಂತ ಗೊತ್ತುಂಟು ಮಾರಾಯ್ರೇ?" ಎಂದು ಹೇಳಿ, ನಗು ನಿಲ್ಲಿಸಿ ಸ್ಟೇರಿಂಗ್ ಹಿಡಿದರು.

ಮೊದಲ ದಿನ ಒಂದು ಸುತ್ತಿಗೆ ನಾಲ್ಕು ನಿಮಿಷ ಐವತ್ತು ಸೆಕೆಂಡು ಹಿಡಿಯಿತು. ಎಡಗಡೆಯ ಗೋಡೆಗೆ ಎಷ್ಟು ಸಲ ಹೊಡೆದರೆಂದು ನಾನು ಎಣಿಸುವುದನ್ನೇ ಬಿಟ್ಟೆ. ಎರಡು ವಾರವಾದ ಮೇಲೆ ಅವರು ಒಂದು ಉಪಾಯ ಹುಡುಕಿದರು. ಬಂದರಿಗೆ ಬಿ.ಸಿ.ರೋಡ್ ಎಂದು ಹೆಸರಿಟ್ಟರು. ಮರದ ಸೇತುವೆ ಬಂಟ್ವಾಳವಾಯಿತು. ಎಡಕ್ಕೆ ಹೊರಳುವ ಇಳಿಜಾರು ವಗ್ಗ. ಸುರಂಗ ದಾಟಿ ಬಲಕ್ಕೆ ತಿರುಗುವಲ್ಲಿ ಪುಂಜಾಲಕಟ್ಟೆ, ಆಮೇಲೆ ಮಡಂತ್ಯಾರು, ಗುರುವಾಯನಕೆರೆ. ದೀಪಸ್ತಂಭವೇ ಬೆಳ್ತಂಗಡಿ. ಸ್ಟಾಪಿನ ಹೆಸರನ್ನು ಬಾಯಲ್ಲಿ ಹೇಳುತ್ತಲೇ ಸ್ಟೇರಿಂಗ್ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಮೊಣಕಾಲಿಗೆ ಶಾಖ ಕೊಡಿಸಿಕೊಳ್ಳುತ್ತಿದ್ದ ಅಜ್ಜಿಯಂದಿರು ಕಂಡಕ್ಟರ್ ಹಾಗೆ "ರೈಟ್, ಪೋಯಿ", ಹೊರಡುವ, ಎಂದು ಕೂಗುತ್ತಿದ್ದರು. ಇಡೀ ವಿಭಾಗಕ್ಕೆ ಅದೊಂದು ಗಮ್ಮತ್ತು.

ದೀಪಾವಳಿ ಹೊತ್ತಿಗೆ ಎರಡು ನಿಮಿಷ ಮೂವತ್ತು ಸೆಕೆಂಡು. ಮಕರ ಸಂಕ್ರಾಂತಿ ಹೊತ್ತಿಗೆ ಒಂದು ನಿಮಿಷ ಐವತ್ತೆಂಟು. ಅಷ್ಟು ವೇಗ ನಮ್ಮ ಸಿಬ್ಬಂದಿಯಲ್ಲೂ ಯಾರಿಗೂ ಇರಲಿಲ್ಲ. ನಾನು ಅವರ ಸಮಯಗಳನ್ನೆಲ್ಲ ಗ್ರಾಫ್ ಮಾಡಿ ಗೋಡೆಗೆ ಅಂಟಿಸಿದೆ. ಆಡಳಿತದವರು ಬಂದು ಫೋಟೊ ತೆಗೆದರು. ಕಾಗದದ ಮೇಲಿನ ಸಣ್ಣ ಸಣ್ಣ ಗೆರೆಗಳನ್ನೆಲ್ಲ ಹೊಡೆದುಹಾಕುವ ಒಂದು ಪರೀಕ್ಷೆ ಉಂಟು, ಅದರಲ್ಲೂ ಅವರು ಎಡತುದಿಯ ಗೆರೆಗಳನ್ನು ಬಿಡಲಿಲ್ಲ. ಪ್ರತಿ ವಾರವೂ ನಾನು ಕೊಟ್ಟದ್ದು ಅದೇ ಒಂದು ಹಾಳೆಯ ಪ್ರತಿ ಎಂಬುದು ಆಗ ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ. 'ಎಡಬದಿಯ ಗಮನ ಸುಧಾರಿಸಿದೆ, ವಾಹನ ಚಾಲನೆಗೆ ಅಡ್ಡಿಯಿಲ್ಲ' ಎಂದು ವರದಿ ಬರೆದೆ. ನಮ್ಮ ವೈದ್ಯರು ನನ್ನ ವರದಿಯನ್ನು ನಂಬಿ ಗುರುವಾರ ಫಿಟ್‌ನೆಸ್ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಬಸ್ಸಿನ ಧಣಿ ಸೋಮವಾರದಿಂದ ಬರಲು ಹೇಳಿದರು.

ನನ್ನ ಗ್ರಾಫ್ ನೋಡಿ ಸಂತೋಷಪಟ್ಟ ಆಡಳಿತದವರು ಹೊಸ ಕನ್ಸೋಲ್ ತರಿಸಿದ್ದರು, ಸರಣಿಯ ಐದನೆಯ ಭಾಗದ ಜೊತೆಗೆ. ಅದು ಬಂದದ್ದು ಶನಿವಾರ. ಅದೇ ಬೆಳಿಗ್ಗೆ ಸದಾನಂದಣ್ಣ ಮತ್ತು ಶಶಿಕಲಾ ನನಗೆ ಹಲಸಿನ ಹಪ್ಪಳದ ಕಟ್ಟು ಕೊಟ್ಟುಹೋಗಲು ಬಂದಿದ್ದರು. ಹೊಸದರಲ್ಲೂ ಲೈಟ್‌ಹೌಸ್ ಟ್ರ್ಯಾಕ್ ಇತ್ತು. "ಒಂದು ಸುತ್ತು ಹೋಗಿ ಬನ್ನಿ ಸದಾನಂದಣ್ಣ, ಹೊಸ ರೋಡ್ ಹೇಗುಂಟು ನೋಡುವ" ಎಂದೆ. ಬರೀ ತಮಾಷೆಗೆ ಹೇಳಿದ್ದು.

ಬಂದರು, ಸೇತುವೆ, ಇಳಿಜಾರು ಎಲ್ಲ ಹಳೆಯದೇ, ಬಣ್ಣ ಮಾತ್ರ ಹೆಚ್ಚು. "ಬಂಟ್ವಾಳ... ವಗ್ಗ..." ಎನ್ನುತ್ತ ಸಲೀಸಾಗಿ ಹೋದರು. ಸುರಂಗ ದಾಟಿದ ಕೂಡಲೇ ಆಟ ಮಾಡಿದವರು ಒಂದು ಬದಲಾವಣೆ ಮಾಡಿದ್ದರು. ಬಲಗಡೆಯ ಹಳೆಯ ರಸ್ತೆ ಸಮುದ್ರಕ್ಕೆ ಕುಸಿದಿತ್ತು. ದಾರಿ ಈಗ ಎಡಕ್ಕೆ ಹೋಗುತ್ತಿತ್ತು. ಪರದೆಯ ಎಡ ಅರ್ಧದಲ್ಲಿ ದೊಡ್ಡ ಹಳದಿ ಬಾಣದ ಗುರುತು ಹೊತ್ತಿ ಆರುತ್ತಿತ್ತು. ಸದಾನಂದಣ್ಣ "ಪುಂಜಾಲಕಟ್ಟೆ" ಎಂದು ಬಲಕ್ಕೆ ತಿರುಗಿಸಿ ನೇರ ಸಮುದ್ರಕ್ಕೆ ಬಿದ್ದರು. ಆಟ ಅವರನ್ನು ಎತ್ತಿ ಮತ್ತೆ ಸುರಂಗದ ಬಾಯಿಗೆ ಬಿಟ್ಟಿತು. ಮತ್ತೆ ಬಿದ್ದರು. ಮೂರನೆಯ ಸಲವೂ ಬಿದ್ದರು.

"ಇದು ಹಾಳಾಗಿದೆ ಡಾಕ್ಟ್ರೇ, ಮುಂದೆ ರೋಡೇ ಇಲ್ಲ" ಎಂದರು.

"ಎಡಗಡೆ ಎಂತ ಕಾಣ್ತದೆ?"

"ಎಂತ ಉಂಟು? ಸಮುದ್ರ."

ಅವರನ್ನು ಹಾಗೆಯೇ ಆಡಲು ಬಿಟ್ಟು, ಸದ್ದಿಲ್ಲದೆ ಅವರ ಎಡಗಡೆಗೆ ಹೋಗಿ, ಒಂದು ಮಾರು ದೂರದಲ್ಲಿ ಕೈಯೆತ್ತಿ ನಿಂತೆ. ಬಸ್‌ಸ್ಟಾಪಿನಲ್ಲಿ ಜನ ನಿಲ್ಲುವುದು ಆ ಬದಿಗೇ. ಸ್ವಲ್ಪ ಹೊತ್ತಿನ ಮೇಲೆ ಸದಾನಂದಣ್ಣ ಹೆಂಡತಿಯನ್ನು ಕೇಳಿದರು, "ಡಾಕ್ಟ್ರು ಎಲ್ಲಿ ಹೋದರು ಮಾರಾಯ್ತಿ?" ಶಶಿಕಲಾ ನನ್ನ ಮುಖ ನೋಡಿದರು, ಅವರಿಗೂ ಅರ್ಥವಾಯಿತು.

ಆರು ತಿಂಗಳು ಅವರು ರಸ್ತೆ ನೋಡಿ ಗಾಡಿ ಬಿಟ್ಟದ್ದಲ್ಲ, ರೂಟ್ ನೆನಪಿಟ್ಟು ಬಿಟ್ಟದ್ದು. ಇಪ್ಪತ್ತೊಂದು ವರ್ಷ ಒಂದೇ ಲೈನಿನಲ್ಲಿ ಓಡಿಸಿದ ಡ್ರೈವರಿಗೆ ಅದು ಕಷ್ಟವೇ ಅಲ್ಲ. ಸ್ಟಾಪಿನ ಹೆಸರು ಬಾಯಿಗೆ ಬಂದರೆ ಕೈ ತನ್ನಷ್ಟಕ್ಕೆ ತಿರುಗುತ್ತದೆ, ಎಡ ತಿರುವಾದರೂ ಸರಿ, ಬಲ ತಿರುವಾದರೂ ಸರಿ. ನಾನು ಅದನ್ನು ಕೇಳಿಸಿಕೊಂಡೇ ಕೂತಿದ್ದೆ, ಚಪ್ಪಾಳೆಯನ್ನೂ ತಟ್ಟಿದ್ದೆ. ಗೋಡೆಯ ಮೇಲಿದ್ದ ಗ್ರಾಫ್ ಅವರ ನೆನಪಿನ ಶಕ್ತಿಯ ಗ್ರಾಫ್. ಗುಣವಾದ ಲೆಕ್ಕ ಅದರಲ್ಲಿ ಏನೂ ಇರಲಿಲ್ಲ. ಫಿಸಿಯೋಥೆರಪಿಯ ಮೊದಲ ವರ್ಷದ ವಿದ್ಯಾರ್ಥಿಯೂ ಕೇಳಬಹುದಾಗಿದ್ದ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

"ಸದಾನಂದಣ್ಣ, ಆ ಸರ್ಟಿಫಿಕೇಟ್ ನನಗೆ ವಾಪಸ್ ಬೇಕು."

"ಎಂತಕ್ಕೆ? ಗೇಮಿನಲ್ಲಿ ಸೋತದ್ದಕ್ಕಾ?" ಅವರು ಇನ್ನೂ ತಮಾಷೆ ಎಂದುಕೊಂಡಿದ್ದರು. "ಅದು ಧಣಿಗಳ ಕೈಗೆ ಮುಟ್ಟಿ ಆಯ್ತು."

ಬಾಣದ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದೆ. ಮುಖ ತಿರುಗಿಸಿ ನೋಡಿದಾಗ ಕಂಡಿತು. "ಈಗ ಕಾಣ್ತದಲ್ಲ, ಇನ್ನೆಂತ?" ಎಂದರು. ಅವರ ಮಟ್ಟಿಗೆ ಅದು ಸರಿಯೇ. ಕಾಣದ್ದು ಕಾಣಲಿಲ್ಲ ಎಂದು ಅವರಿಗೆ ಹೇಗೆ ಒಪ್ಪಿಸುವುದು?

ನಮ್ಮ ವೈದ್ಯರ ಬಳಿಗೆ ಓಡಿದೆ. "ಎರಡೇ ದಿನದಲ್ಲಿ ರದ್ದು ಮಾಡಿದರೆ ನಾವು ನೋಡದೆ ಕೊಟ್ಟ ಹಾಗೆ ಆಗ್ತದೆ" ಎಂದು ಅವರು ರಾಗ ಎಳೆದರು. "ನೋಡದೆಯೇ ಕೊಟ್ಟದ್ದು" ಎಂದೆ. ಸಂಜೆಗೆ ರದ್ದತಿ ಪತ್ರಕ್ಕೆ ಸಹಿ ಸಿಕ್ಕಿತು. ಬಸ್ಸಿನ ಧಣಿಗೆ ಫೋನ್ ಮಾಡಿದೆ. "ಸೋಮವಾರಕ್ಕೆ ಬೇರೆ ಡ್ರೈವರ್ ಎಲ್ಲಿಂದ ತರುವುದು ಮೇಡಂ? ನೋಡುವ" ಎಂದರು. ನಮ್ಮ ಊರಿನಲ್ಲಿ 'ನೋಡುವ' ಎಂದವರು ಆಮೇಲೆ ನೋಡುವುದಿಲ್ಲ. ಇದು ಗೊತ್ತಿದ್ದೂ ನಾನು ಭಾನುವಾರ ಇಡೀ ಮನೆಯಲ್ಲೇ ಕೂತೆ. ಮಡಂತ್ಯಾರಿಗೆ ಹೋಗಿ, ಅವರ ಚಾವಡಿಯಲ್ಲಿ ಕೂತು, ತಪ್ಪು ನನ್ನದು ಎಂದು ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ನಾಚಿಕೆಯಾಗುವುದು ಆ ಭಾನುವಾರದ ಬಗ್ಗೆ.

ಸೋಮವಾರ ಬೆಳಿಗ್ಗೆ ಆರೂವರೆಗೆ ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಅವರ ಬಸ್ಸಿನ ಮುಂಭಾಗಕ್ಕೆ ಸೇವಂತಿಗೆ ಹಾರ ಹಾಕಿದ್ದರು. ಸದಾನಂದಣ್ಣ ಹೊಸ ಖಾಕಿ ಅಂಗಿ ತೊಟ್ಟು ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಬೇರೆ ಬಸ್ಸಿನ ಡ್ರೈವರುಗಳು ಬಂದು ಕೈಕುಲುಕಿ ಹೋಗುತ್ತಿದ್ದರು. ಬಸ್ಸು ಮುಕ್ಕಾಲು ತುಂಬಿತ್ತು, ಕಾಲೇಜಿನ ಹುಡುಗಿಯರೇ ಹೆಚ್ಚು. ಬಾಗಿಲ ಬಳಿ ನಿಂತಿದ್ದ ಧಣಿಯ ಕೈಗೆ ನಾನು ಪತ್ರ ಕೊಟ್ಟೆ. ಅವರು ಓದಿದರು, ಮಡಚಿದರು, ಮತ್ತೆ ಬಿಡಿಸಿ ಓದಿದರು. ಕೊನೆಗೆ ಡ್ರೈವರ್ ಬದಿಗೆ ಹೋಗಿ ಮೆಲ್ಲಗೆ ಹೇಳಿದರು, "ಸದಾನಂದ, ಇಳಿ ಮಾರಾಯ."

ಅವರು ಕೂಡಲೇ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ನನ್ನನ್ನು ನೋಡಿದರು. ಆರು ತಿಂಗಳು ಕನ್ನಡದಲ್ಲೇ ಮಾತಾಡಿದವರು ಅಂದು ತುಳುವಿಗೆ ಇಳಿದರು. ಅವರು ಹೇಳಿದ್ದು ಇಷ್ಟು: "ಕೊಟ್ಟವರೂ ನೀವೇ, ಕಿತ್ತುಕೊಂಡವರೂ ನೀವೇ. ಕೊಡದೇ ಇದ್ದಿದ್ದರೆ ಇಷ್ಟು ಜನರ ಎದುರು ಇಳಿಯುವುದಾದರೂ ತಪ್ಪುತ್ತಿತ್ತು." ಹಾಗೆಂದು ಸ್ಟೇರಿಂಗ್ ಬಿಟ್ಟು ಇಳಿದರು. ಬದಲಿ ಡ್ರೈವರ್ ಬರಲು ಮುಕ್ಕಾಲು ಗಂಟೆಯಾಯಿತು. ತಡವಾಯಿತೆಂದು ಹುಡುಗಿಯರು ಗೊಣಗಿ ಬೇರೆ ಬಸ್ಸಿಗೆ ಹತ್ತಿದರು.

ಆಸ್ಪತ್ರೆಗೆ ಬಂದವಳು ಮೊದಲು ಗೋಡೆಯ ಗ್ರಾಫ್ ಕಿತ್ತು ಹರಿದೆ. ಆದರೆ ಅದರ ಫೋಟೊ ಆಗಲೇ ಆಸ್ಪತ್ರೆಯ ಕರಪತ್ರದಲ್ಲಿ ಬಂದಿತ್ತು: 'ಗೇಮ್ ಥೆರಪಿಯಿಂದ ಮತ್ತೆ ಸ್ಟೇರಿಂಗ್ ಹಿಡಿದ ಚಾಲಕ'. ತೆಗೆಯಿರಿ ಎಂದು ಕೇಳಿದರೆ "ಪ್ರಿಂಟ್ ಆಗಿ ಆಯ್ತಲ್ಲ ಮೇಡಂ" ಎಂಬ ಉತ್ತರ ಬಂತು. ಆ ಕರಪತ್ರ ಮುಗಿಯುವವರೆಗೂ ಹಂಚಿದರು.

ಸದಾನಂದಣ್ಣ ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಬೇರೆ ಕಡೆಯೂ ಚಿಕಿತ್ಸೆಗೆ ಹೋಗಲಿಲ್ಲವಂತೆ, ನನ್ನ ದೊಡ್ಡ ಸೋಲು ಅದು. ಎರಡು ತಿಂಗಳ ನಂತರ ಶಶಿಕಲಾ ಒಬ್ಬರೇ ಬಂದರು. "ನೀವು ಮಾಡಿದ್ದು ಸರಿ ಅಂತ ನನಗೆ ಗೊತ್ತುಂಟು ಡಾಕ್ಟ್ರೇ. ಆದರೆ ಮನೆಯಲ್ಲಿ ನಿಮ್ಮ ಹೆಸರು ಎತ್ತುವ ಹಾಗಿಲ್ಲ" ಎಂದು ಹೇಳಿ, ಚಾ ಕೂಡ ಕುಡಿಯದೆ ಹೋದರು. ಧಣಿ ಸದಾನಂದಣ್ಣನಿಗೆ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟ್ ಕೆಲಸ ಕೊಟ್ಟಿದ್ದರು, ಬಸ್ಸಿನ ಹೆಸರು, ಊರು ಕೂಗಿ ಜನರನ್ನು ಹತ್ತಿಸುವ ಕೆಲಸ. ಆಗದೇ ಹೋದ ಅಪಘಾತಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅವರ ಲೆಕ್ಕದಲ್ಲಿ ಗುಣವಾದ ಮನುಷ್ಯನನ್ನು ಒಂದು ಆಟದ ನೆಪದಲ್ಲಿ ಸೀಟಿನಿಂದ ಇಳಿಸಿದವಳು ನಾನು.

ಉಳಿದ ವರ್ಷಗಳಲ್ಲಿ ನಾನು ಯಾವ ರೋಗಿಗೂ ಒಂದೇ ಟ್ರ್ಯಾಕ್ ಎರಡು ವಾರ ಕೊಡಲಿಲ್ಲ. ಪರೀಕ್ಷೆಯ ಹಾಳೆ ಪ್ರತಿ ಸಲ ಬೇರೆ. ಕಲಿಸಿದ್ದನ್ನೇ ಕೇಳಿ ಸರಿ ಉತ್ತರ ಬಂತೆಂದು ಹಿಗ್ಗುವುದು ನಮ್ಮ ವೃತ್ತಿಯ ರೋಗ ಎಂದು ಕಿರಿಯರಿಗೆ ಹೇಳುತ್ತ ಬಂದೆ. ರೋಗಿ ಹಿಂದೆಂದೂ ಕಾಣದ ದಾರಿಯಲ್ಲಿ ಅವನನ್ನು ಬಿಟ್ಟು ನೋಡದ ಹೊರತು ಅವನು ಗುಣವಾದ ಎಂದು ಬರೆಯಬಾರದು. ಇಷ್ಟನ್ನು ಕಲಿಯಲು ನಾನು ಒಬ್ಬ ಮನುಷ್ಯನ ಬೆನ್ನ ಮೇಲೆ ಪಾಠ ಬರೆದುಕೊಂಡೆ.

ಕಳೆದ ತಿಂಗಳು ಬೆಳ್ತಂಗಡಿಗೆ ಹೋಗಲು ಬಿ.ಸಿ.ರೋಡ್‌ನಲ್ಲಿ ಇಳಿದಿದ್ದೆ. ಸದಾನಂದಣ್ಣ ಬಸ್ಸಿನ ಪಕ್ಕ ನಿಂತು ಕೂಗುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಮಾತಾಡಿಸಿಯೇ ಬಿಡುವ ಎಂದು ಸುತ್ತುಹಾಕಿ ಅವರ ಬಲಗಡೆಗೆ ಹೋಗಿ, ಕಣ್ಣಿಗೆ ಬೀಳುವ ಹಾಗೆ ನಿಂತೆ. ಅವರು ಕೂಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಎಡಕ್ಕೆ ಮುಖ ತಿರುಗಿಸಿ ಮತ್ತೆ ಕೂಗತೊಡಗಿದರು. ನಾನು ಎಡಗಡೆ ನಿಂತಿದ್ದರೆ, ಅವರಿಗೆ ಕಾಣಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.