ದಾಮಿಯಾನಾಳ ಐದನೇ ಮೆಟ್ಟು

ಎಲಾದಿಯೊ ಆ ದಿನ ಏಣಿಯ ಮೇಲೆ ನಿಂತು ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಹೆರೆಸ್ ಪಟ್ಟಣದ ಸಾನ್ ಮಿಗೆಲ್ ಕೇರಿಯ ಹಳೆಯ ದ್ರಾಕ್ಷಾರಸದ ಉಗ್ರಾಣವೊಂದನ್ನು ಚಿತ್ರಶಾಲೆಯಾಗಿ ಮಾಡಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಪೀಪಾಯಿಗಳನ್ನೆಲ್ಲ ಸಾಗಿಸಿದ್ದರೂ ಕಂಬಗಳ ಬುಡದಲ್ಲಿ ಕಪ್ಪು ಕಲೆ ಹಾಗೇ ಇತ್ತು, ತೇವದ ದಿನಗಳಲ್ಲಿ ಹುಳಿ ವಾಸನೆ ಏಳುತ್ತಿತ್ತು. ಪ್ರದರ್ಶನಗಳಿಗೆ ಚಿತ್ರ ತೂಗುಹಾಕುವುದು ಎಲಾದಿಯೊನ ಹೊಟ್ಟೆಪಾಡು. ಗಿಟಾರ್ ಬಾರಿಸುವುದು ಅವನ ಹುಚ್ಚು. ಗಿಟಾರ್ ಸದಾ ಅವನ ವ್ಯಾನಿನಲ್ಲಿ, ಹಳೆಯ ಕಂಬಳಿಯೊಳಗೆ ಮಲಗಿರುತ್ತಿತ್ತು.

ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡಿದ್ದಾಗ ಒಳಕೋಣೆಯಿಂದ ಹಾಡು ಕೇಳಿಸಿತು. ಬಕೆಟ್ಟಿನ ಹಿಡಿ ಕಿಣಿಗುಟ್ಟಿತು, ಹಾಡು ನಿಂತಿತು. ಒದ್ದೆ ಬಟ್ಟೆ ನೆಲಕ್ಕೆ ಬಡಿದ ಸದ್ದಾಯಿತು, ಹಾಡು ಮತ್ತೆ ಶುರುವಾಯಿತು. ಸಿಗಿರಿಯಾ, ಆ ಸೀಮೆಯ ಹಾಡುಗಳಲ್ಲೇ ಅತಿ ದುಃಖದ್ದು. ಎಲಾದಿಯೊ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು ಇಳಿದ, ಹೊರಗೆ ಹೋಗಿ ಗಿಟಾರ್ ತಂದ, ಒಳಕೋಣೆಯ ಬಾಗಿಲಲ್ಲಿ ನಿಂತ.

ಒಳಗೆ ನಲವತ್ತು ದಾಟಿದ ಹೆಂಗಸೊಬ್ಬಳು ನೆಲ ಒರೆಸುತ್ತಿದ್ದಳು. ನೀಲಿ ಏಪ್ರನ್. ಎಡಗಾಲಿನ ಚಪ್ಪಲಿ ಮಾತ್ರ ನೆನೆದಿತ್ತು. ಸಂತೆಯಲ್ಲಿ ಸೊಪ್ಪಿನ ಕಂತೆಗೆ ಹಾಕುವ ಕೆಂಪು ರಬ್ಬರ್ ಬ್ಯಾಂಡಿನಿಂದ ಕೂದಲು ಕಟ್ಟಿದ್ದಳು.

"ಏನ್ ನೋಡ್ತಾ ನಿಂತಿದ್ದೀಯ? ಒದ್ದೆ ನೆಲದ ಮೇಲೆ ಕಾಲಿಟ್ಟೆ ಅಂದ್ರೆ ಈ ಕೋಲು ನಿನ್ನ ಬೆನ್ನ ಮೇಲೆ ಮುರಿಯುತ್ತೆ."

"ಇಡಲ್ಲ ತಿಯಾ. ಇಲ್ಲೇ ಹೊಸಿಲ ಮೇಲೆ ಕೂತ್ಕೊಂಡು ಒಂಚೂರು ಬಾರಿಸ್ಲಾ?"

"ತಿಯಾ ಅಂತೆ! ನಿನ್ನಂಥ ಕೋಣಕ್ಕೆ ನಾನು ಅತ್ತೆ ಆಗೋಕೆ ಇನ್ನೂ ಟೈಮಿದೆ." ಹಾಗೆಂದರೂ ಅವಳು ಬಕೆಟ್ಟನ್ನು ಕಾಲಿನಿಂದ ಬದಿಗೆ ಸರಿಸಿದಳು.

"ಎಷ್ಟಕ್ಕೆ ಹಾಕ್ಲಿ?"

ಅವಳು ಒರೆಸುವ ಕೋಲಿನ ಮೇಲೆ ಗಲ್ಲ ಊರಿದಳು. "ಐದಕ್ಕೆ. ನಮ್ಮಮ್ಮನೂ ಐದಕ್ಕೇ ಹಾಡ್ತಿದ್ದಿದ್ದು."

ಆ ಊರಿನಲ್ಲಿ ಹಾಡುವವರು ಮೊದಲು ಹೇಳುವುದು ಸಂಖ್ಯೆ. ಗಿಟಾರಿನವನು ತಂತಿಗಳ ಮೇಲೆ ಬಿಗಿಯುವ ಪಟ್ಟಿಯನ್ನು ಗಿಟಾರಿನ ಕತ್ತಿನ ಅಷ್ಟನೇ ಮೆಟ್ಟಿಗೆ ಹಾಕಿಕೊಳ್ಳುತ್ತಾನೆ. ಒಂದೊಂದು ಮೆಟ್ಟು ಮೇಲೇರಿದಾಗಲೂ ಶ್ರುತಿ ಅರ್ಧ ಸ್ವರ ಏರುತ್ತದೆ. ಸಂಖ್ಯೆಯನ್ನು ಪಿಸುಗುಟ್ಟುವ ಹಾಗಿಲ್ಲ, ಎಲ್ಲರಿಗೂ ಕೇಳುವಂತೆ ಹೇಳಬೇಕು. ಕೇಳಿದವರು ಮನಸ್ಸಿನಲ್ಲೇ ಗಂಟಲಿನ ತೂಕ ನೋಡುತ್ತಾರೆ. ಹೆಂಗಸು ಸಿಗಿರಿಯಾವನ್ನು ಐದಕ್ಕೆ ಹಾಡುತ್ತೇನೆ ಅಂದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಕೂರುತ್ತಾರೆ.

ಹೀಗೆ ದಾಮಿಯಾನಾ ಅವನಿಗೆ ಸಿಕ್ಕಿದಳು. ಅವಳ ಗಂಡ ಊರಿನ ಬಸ್ಸು ಓಡಿಸುತ್ತಿದ್ದ. ಅವಳು ಬೆಳಿಗ್ಗೆ ಚಿತ್ರಶಾಲೆ ಒರೆಸುತ್ತಿದ್ದಳು, ಮಧ್ಯಾಹ್ನ ಒಂದು ದಂತವೈದ್ಯರ ಕ್ಲಿನಿಕ್ಕು. ಭಾನುವಾರ ಪೆನ್ಯಾ. ಪೆನ್ಯಾ ಅಂದರೆ ಕೇರಿಯ ಹಾಡುಪ್ರಿಯರ ಕೂಟ. ಒಂದು ಉದ್ದ ಕೋಣೆ, ಒಂದು ಅಡುಗೆಮನೆ, ಹುಲ್ಲು ಹೆಣೆದ ಕುರ್ಚಿಗಳು. ಅಲ್ಲಿ ದಾಮಿಯಾನಾ ಹಾಡಿದರೆ ಎಲಾದಿಯೊನೇ ಬಾರಿಸಬೇಕು. ಬೇರೆ ಯಾರಾದರೂ ಗಿಟಾರ್ ಎತ್ತಿಕೊಂಡರೆ ಅವಳು ನೆಗಡಿ ಅನ್ನುತ್ತಿದ್ದಳು.

ತಾಯಿ ಎರ್ಮಿನಿಯಾಳ ಕಥೆಯನ್ನು ಅವಳು ಅವನಿಗೆ ಒಂದೇ ಸಲ ಹೇಳಿದ್ದು, ಬಸ್ ನಿಲ್ದಾಣದಲ್ಲಿ. ಎರ್ಮಿನಿಯಾಳಿಗೆ ವಯಸ್ಸಾದಾಗ ಒಂದು ಮದುವೆಯಲ್ಲಿ ಗಿಟಾರಿನವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದನಂತೆ: "ತಿಯಾ, ಇವತ್ತು ನಾಲ್ಕಕ್ಕೆ ಹಾಕೋಣ್ವಾ?" ನೂರಾರು ಜನರ ಎದುರು. ಎರ್ಮಿನಿಯಾ ಕುರ್ಚಿಯಿಂದ ಎದ್ದು ಮನೆಗೆ ಹೋದಳು. ಆಮೇಲೆ ಸಾಯುವವರೆಗೆ ಹಾಡಲಿಲ್ಲ. ಮೊಮ್ಮಕ್ಕಳನ್ನು ಮಲಗಿಸುವಾಗಲೂ ಬಾಯಿ ಬಿಡಲಿಲ್ಲ.

"ಮನೇಲಿ ಅಷ್ಟು ಜನ ಇದ್ವಿ," ಅಂದಿದ್ದಳು ದಾಮಿಯಾನಾ, "ಆದ್ರೂ ಆಮೇಲೆ ಆ ಮನೆ ಸದ್ದಿಲ್ದೆ ಬಿದ್ಕೊಂಡಿತ್ತು ಕಣೋ. ನಾನೂ ಅಷ್ಟೇ. ಐದಕ್ಕೆ ಆಗ್ದಿದ್ ದಿನ ಹಾಡೋದು ಸಾಕು."

ಎಲಾದಿಯೊ ಆ ಮಾತನ್ನು ಮರೆಯಲಿಲ್ಲ.

ವರ್ಷಗಳು ಹೋದವು. ದಾಮಿಯಾನಾಳ ನಾದಿನಿಯ ಮೊಮ್ಮಗುವಿನ ಜ್ಞಾನಸ್ನಾನದ ಊಟದಲ್ಲಿ ಅವಳ ಸ್ವರ ಮೇಲಿನ ತಿರುವಿನಲ್ಲಿ ಸೀಳಿತು. ಅವಳು ಕೆಮ್ಮಿ, ಮೀನಿನ ಮುಳ್ಳು ಅಂದಳು. ಯಾರೂ ಕೆದಕಲಿಲ್ಲ. ಎಲಾದಿಯೊ ಮಾತ್ರ ತನ್ನ ತಟ್ಟೆ ನೋಡಿಕೊಂಡ. ಅಂದು ಮೀನಿನ ಅಡುಗೆ ಇರಲಿಲ್ಲ.

ಮುಂದಿನ ಭಾನುವಾರಕ್ಕೆ ಮೊದಲು ಅವನು ಮನೆಯಲ್ಲಿ ಬಾಗಿಲು ಹಾಕಿಕೊಂಡು ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದ. ಪಟ್ಟಿ ಐದನೇ ಮೆಟ್ಟಿನಲ್ಲೇ ಇರುತ್ತದೆ, ನೋಡುವವರಿಗೆ ಐದೇ. ಕೇಳುವುದು ಮಾತ್ರ ನಾಲ್ಕು. ದಾಮಿಯಾನಾ ಹಾಡಿದಳು, ಸ್ವರ ಏರಿತು, ಜನ ಮೆಚ್ಚುಗೆಯಿಂದ "ಓಲೆ" ಅಂದರು. ಹಾಡು ಮುಗಿಸಿ ಎದ್ದವಳು ಅವನ ಬೆನ್ನಿಗೆ ಗುದ್ದಿದಳು.

"ನೋಡಿದ್ಯಾ? ಜೇನುತುಪ್ಪ, ನಿಂಬೆಹಣ್ಣು. ಒಂದೇ ವಾರಕ್ಕೆ ಗಂಟಲು ವಾಪಸ್ ಬಂತು!"

ಅವನು ನಕ್ಕ. ಎರಡು ವರ್ಷದ ಮೇಲೆ ಇನ್ನೂ ಅರ್ಧ ಸ್ವರ ಇಳಿಸಬೇಕಾಯಿತು. ಸಡಿಲ ತಂತಿ ಕರಕರ ಅನ್ನದಿರಲೆಂದು ದಪ್ಪ ತಂತಿ ಹಾಕಿದ. ಗಿಟಾರನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಹಾಡಿನ ನಡುವೆ ಎದ್ದು ಹೋಗಬೇಕಾದರೂ ಜೊತೆಗೇ ಒಯ್ಯುತ್ತಿದ್ದ. ಪೆನ್ಯಾದ ಅಧ್ಯಕ್ಷ ಫೆರ್ಮಿನ್ ಒಮ್ಮೆ ಕಣ್ಣು ಕಿರಿದು ಮಾಡಿ ಕೇಳಿದ:

"ನಿನ್ನ ಗಿಟಾರ್ ಈಚೆಗೆ ಯಾಕೋ ಬಾವಿಯೊಳಗಿಂದ ಮಾತಾಡ್ದಂಗೆ ಕೇಳುತ್ತಲ್ಲಯ್ಯಾ?"

"ಮರ ಹಳೇದಾಯ್ತು, ಫೆರ್ಮಿನ್."

"ನನ್ನ ಹೆಂಡ್ತೀನೂ ಹಳಬಳಾದ್ಲು, ದನಿ ಏನೂ ಇಳೀಲಿಲ್ಲ."

ಎಲ್ಲರೂ ನಕ್ಕರು. ಎಲಾದಿಯೊ ಗಿಟಾರನ್ನು ಕಂಬಳಿಯಲ್ಲಿ ಸುತ್ತಿದ.

ಇದೆಲ್ಲ ಹೊರಬೀಳುವ ದಿನ ಬಂದದ್ದು ಆ ಉಗ್ರಾಣದ ಚಿತ್ರಶಾಲೆಯಲ್ಲೇ. ಕೇರಿಯ ಹಳೆಯ ಹಾಡುಗಾರರ ಫೋಟೋಗಳ ಪ್ರದರ್ಶನ ಏರ್ಪಾಡಾಗಿತ್ತು. ಭಾನುವಾರ ಮಧ್ಯಾಹ್ನ ಅದರ ಆರಂಭ, ಅಂದು ದಾಮಿಯಾನಾ ಹಾಡಬೇಕು. ಎರ್ಮಿನಿಯಾಳ ಫೋಟೋವನ್ನು ಎಲಾದಿಯೊನೇ ತೂಗುಹಾಕಿದ. ಹಾಕುತ್ತಿದ್ದಾಗ ಫೆರ್ಮಿನ್ ಬಂದು ಏಣಿಯನ್ನು ಹಿಡಿದುಕೊಂಡ.

"ಒಂದು ಗಿಟಾರ್ ಈ ಎತ್ತರದ ಸೂರಿಗೆ ಸಾಲಲ್ಲ. ಸೆವಿಯಾದಿಂದ ಬರೋಕೆ ಅಲ್ಲಿನ ಗಿಟಾರ್ ಹುಡುಗಿ ನಿಯೆವೆಸ್‌ಗೆ ಹೇಳಿದ್ದೀನಿ. ಇಬ್ರೂ ಸೇರಿ ಬಾರ್ಸಿ."

ಎಲಾದಿಯೊನ ಕೈಯಿಂದ ಸುತ್ತಿಗೆ ಜಾರಿತು. ಫೆರ್ಮಿನ್ ಹಾರಿ ತಪ್ಪಿಸಿಕೊಂಡ. "ಏನಯ್ಯಾ, ಜೋಡಿ ಇಷ್ಟವಿಲ್ದಿದ್ರೆ ಬಾಯಲ್ಲಿ ಹೇಳು!"

ಎರಡನೇ ಗಿಟಾರ್ ಅಂದರೆ ಸರಿಯಾದ ಶ್ರುತಿಯ ಗಿಟಾರ್. ಇಬ್ಬರೂ ಐದಕ್ಕೆ ಹಾಕಿ ಬಾರಿಸಿದರೆ ಮೊದಲ ಮೀಟಿಗೇ ಎರಡೂ ಕಚ್ಚಾಡುತ್ತವೆ. ಅವನು ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ನಿಯೆವೆಸ್‌ಳಿಗೆ ಫೋನು ಮಾಡಿ, ಸ್ವಲ್ಪ ಬೇಗ ಬಾ, ಮಾತಾಡುವುದಿದೆ ಅಂದ. ಫೋನಿನಲ್ಲಿ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಫೆರ್ಮಿನ್‌ನ ತಂಗಿಯ ಮಗಳು ಅವಳ ಗೆಳತಿ, ಅಲ್ಲಿಂದ ಮಾತು ಹಬ್ಬಿದರೆ ಮುಗಿಯಿತು.

ಭಾನುವಾರ ರೈಲು ತಡವಾಯಿತು. ಕುರ್ಚಿಗಳು ತುಂಬಿದವು. ಅಡುಗೆಯವರು ಕಡಲೆ ಮತ್ತು ಸೊಪ್ಪಿನ ಬೆರ್ಸಾದ ದೊಡ್ಡ ಪಾತ್ರೆ ತಂದಿಟ್ಟರು. ಎಲಾದಿಯೊ ಬಾಗಿಲಿಗೂ ಬೀದಿಗೂ ಓಡಾಡಿದ. ಕೊನೆಗೆ ನಿಯೆವೆಸ್ ಏದುಸಿರು ಬಿಡುತ್ತಾ ಬಂದಾಗ ಅವಳನ್ನು ಫೋಟೋಗಳ ಖಾಲಿ ಪೆಟ್ಟಿಗೆಗಳ ಹಿಂದಕ್ಕೆ ಎಳೆದೊಯ್ದು ಎಲ್ಲ ಹೇಳಿಬಿಟ್ಟ.

ನಿಯೆವೆಸ್ ಅವನ ಗಿಟಾರನ್ನು ಒಮ್ಮೆ ಮೀಟಿ ಕೇಳಿದಳು. "ಅಯ್ಯೋ ದೇವ್ರೇ, ಪೂರ್ತಿ ಒಂದು ಸ್ವರ!"

"ನೀನೂ ಇಳಿಸ್ಕೋತೀಯಾ?"

"ಆರು ತಂತಿ ಈಗ ಇಳಿಸಿದ್ರೆ ಮೊದಲ್ನೇ ಹಾಡಲ್ಲೇ ಅಲ್ಲಾಡಿ ಹೋಗ್ತವೆ. ನಾನು ಮೂರಕ್ಕೆ ಹಾಕ್ಕೊಂಡ್ರೆ ಕೂಡುತ್ತೆ. ಆದ್ರೆ ನಿಂದು ಐದು, ನಂದು ಮೂರು, ಮುಂದಿನ ಸಾಲಲ್ಲಿ ಕೂತೋರು ಕುರುಡ್ರಾ?" ಅವಳು ದನಿ ತಗ್ಗಿಸಿದಳು. "ದಾಮಿಯಾನಾ ಅವ್ರಿಗೇ ಹೇಳು, ಎಲಾದಿಯೊ. ಬೇರೆ ದಾರಿ ಇಲ್ಲ."

ದಾಮಿಯಾನಾ ಸಾಮಾನು ಕೋಣೆಯಲ್ಲಿ ಬಿಸಿನೀರು ಮುಕ್ಕಳಿಸುತ್ತಿದ್ದಳು. ತಾಯಿಯ ಕಪ್ಪು ಶಾಲು ಹೊದ್ದಿದ್ದಳು. ಅವಳ ಹಿಂದೆ ಅವಳದೇ ಬಕೆಟ್ಟು, ಕೋಲು.

"ತಿಯಾ, ಒಂದ್ ಮಾತು."

"ಹಾಡೋಕೆ ಮುಂಚೆ ಸತ್ತೋರ ಸುದ್ದಿ ಹೇಳ್ಬಾರ್ದು ಕಣೋ."

ಅವನು ಹೇಳಿದ. ನೆಲ ನೋಡಿಕೊಂಡು ಹೇಳಿದ. ಅವನು ಮುಗಿಸುವವರೆಗೆ ಅವಳು ಕೈಯಲ್ಲಿದ್ದ ಲೋಟವನ್ನು ಬಾಯಿಗೆತ್ತಲಿಲ್ಲ.

"ಯಾವಾಗಿಂದ?"

"ಆ ಜ್ಞಾನಸ್ನಾನದ ಊಟದಿಂದ."

"ಆಮೇಲೆ ಹಾಡಿದ್ದೆಲ್ಲ?"

"ಎಲ್ಲ."

"ಜೇನುತುಪ್ಪ, ನಿಂಬೆಹಣ್ಣು..."

"ಅದೂ ಒಂಚೂರು ಕೆಲ್ಸ ಮಾಡಿರ್ಬೋದು, ತಿಯಾ."

"ಬಾಯ್ಮುಚ್ಚು." ಅವಳು ಲೋಟವನ್ನು ಕಿಟಕಿಯಲ್ಲಿಟ್ಟಳು. "ಊರಿಗೆಲ್ಲ ನಾನು ಎದೆ ತಟ್ಕೊಂಡು ಹೇಳ್ಕೊಂಡ್ ಬಂದೆ. ನೀನು ಪಕ್ಕದಲ್ಲಿ ಕೂತು ಕೇಳಿಸ್ಕೊಂಡೆ. ನನ್ನ ಕಂಡ್ರೆ ಅಯ್ಯೋ ಪಾಪ ಅನ್ನಿಸ್ತಾ?"

"ನೀನು ನಿಲ್ಲಿಸ್ಬಿಡ್ತೀಯ ಅಂತ ಭಯ ಆಯ್ತು. ನಿಮ್ಮಮ್ಮನ ಥರ."

ಹೊರಗೆ ಫೆರ್ಮಿನ್‌ನ ಭಾಷಣ ಶುರುವಾಗಿತ್ತು. ಶಾಲು ಎಳೆದುಕೊಂಡು ಬಾಗಿಲಿಗೆ ಹೋದವಳು ತಿರುಗದೆಯೇ ಹೇಳಿದಳು: "ಸರಿಯಾದ ಶ್ರುತಿಗೆ ಏರಿಸು. ಈಗ್ಲೇ."

ಅವನು ಬಿರಡೆ ತಿರುಗಿಸಿದ. ದಪ್ಪ ತಂತಿಗಳು ನರಳಿದವು. ಒಂದೊಂದು ತಿರುವಿಗೂ ಇನ್ನೇನು ತಂತಿ ಹರಿದು ಮುಖಕ್ಕೆ ಹೊಡೆಯುತ್ತದೆ ಅನ್ನಿಸುತ್ತಿತ್ತು. ಹರಿಯಲಿಲ್ಲ. ಅವಳು ಹೊರಗೆ ಹೋಗಿ ಕೂತಳೋ, ಬೀದಿಗೆ ನಡೆದು ಮನೆ ಸೇರಿದಳೋ ಅವನಿಗೆ ತಿಳಿಯದು. ಚಪ್ಪಾಳೆ ಕೇಳಿದ ಮೇಲೆ ಗಿಟಾರ್ ಎತ್ತಿಕೊಂಡು ಹೊರಬಂದ.

ಅವಳು ಕೂತಿದ್ದಳು, ತಾಯಿಯ ಫೋಟೋಗೆ ಎದುರಾಗಿ. ಅವನು ಒಂದು ಬದಿಗೆ ಕೂತ, ನಿಯೆವೆಸ್ ಇನ್ನೊಂದು ಬದಿಗೆ. ಸಭೆ ಸದ್ದಡಗಿ ಸಂಖ್ಯೆಗಾಗಿ ಕಾಯಿತು.

"ಐದಕ್ಕೆ," ಅಂದಳು ದಾಮಿಯಾನಾ.

ನಿಯೆವೆಸ್ ಅವನತ್ತ ನೋಡಿದಳು. ಇಬ್ಬರೂ ಐದಕ್ಕೆ ಬಿಗಿದರು. ಹೊಸದಾಗಿ ಏರಿಸಿದ ತಂತಿ ಇಳಿಯುತ್ತಿದೆಯೇ ಎಂದು ಎಲಾದಿಯೊನ ಕಿವಿಯೆಲ್ಲ ಅಲ್ಲೇ ಇತ್ತು. ಹಾಡಿನ ಮೊದಲ ಸಾಲು ಸರಿಯಾಗಿ ಬಂತು. ಎರಡನೆಯದೂ ಬಂತು. ಮೂರನೇ ಸಾಲಿನಲ್ಲಿ ಸ್ವರ ಮೇಲೆ ಹೋಗಬೇಕು. ಹೋಗಲಿಲ್ಲ. ಬಾಯಿ ತೆರೆದೇ ಇತ್ತು, ಬರೀ ಗಾಳಿ ಬಂತು.

ಹಾಡು ಕೆಟ್ಟರೆ ಅಲ್ಲಿ ಯಾರೂ ಸಿಳ್ಳೆ ಹಾಕಿ ಅಣಕಿಸುವುದಿಲ್ಲ, ಸಮಾಧಾನಕ್ಕೆ ಚಪ್ಪಾಳೆಯನ್ನೂ ತಟ್ಟುವುದಿಲ್ಲ. ಎಲ್ಲರೂ ತಮ್ಮ ತಮ್ಮ ಮಡಿಲು ನೋಡಿಕೊಂಡರು. ಎರಡು ಗಿಟಾರುಗಳು ಅದೇ ತುಣುಕನ್ನು ಸುತ್ತಿ ಸುತ್ತಿ ಬಾರಿಸಿದವು. ದಾಮಿಯಾನಾ ಕುರ್ಚಿಯ ಮೇಲೆ ಕೈಯೂರಿ ಎದ್ದಳು. ಎಲಾದಿಯೊ ಕಣ್ಣು ಮುಚ್ಚಿದ. ಮುಗಿಯಿತು ಅಂದುಕೊಂಡ.

ಕುರ್ಚಿ ಎಳೆದ ಸದ್ದಾಯಿತು. ಅವಳು ಕುರ್ಚಿಯನ್ನು ಗಿಟಾರುಗಳ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕೂತಳು.

"ಮೂರಕ್ಕೆ."

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೂಗಿದಳು: "ಎಷ್ಟಕ್ಕೇ? ಕೇಳಿಸ್ಲಿಲ್ಲ!"

"ಮೂರಕ್ಕೆ ಅಂದೆ ಕಣೇ ಕಿವುಡಿ! ಬೀದಿಗೆಲ್ಲ ಕೇಳಿಸಿದೆ, ನಿನಗೆ ಮಾತ್ರ ಇಲ್ಲ!"

ಸಭೆಯಲ್ಲಿ ನಗು ಎದ್ದು ಅಲ್ಲೇ ಅಡಗಿತು. ಎಲಾದಿಯೊ ಪಟ್ಟಿ ಸರಿಸುವಾಗ ಬೆರಳು ಸಿಕ್ಕಿ ಚರ್ಮ ಕಿತ್ತುಬಂತು. ಅವಳು ಮೂರಕ್ಕೆ ಹಾಡಿದಳು. ಕೆಲವರು ಮುಖ ಮುಖ ನೋಡಿಕೊಂಡರು, ನಿಜ. ಫೆರ್ಮಿನ್ ಎಲಾದಿಯೊನ ಗಿಟಾರನ್ನು ತುಂಬ ಹೊತ್ತು ದಿಟ್ಟಿಸಿದ, ಆಮೇಲೆ ಏನೋ ಲೆಕ್ಕ ಸಿಕ್ಕಿದವನಂತೆ ಮೀಸೆ ಉಜ್ಜಿಕೊಂಡ. ಕೊನೆಯ ಸಾಲಿಗೆ ಮೊದಲು ಯಾರೋ ಒಬ್ಬರು ಮೆಲ್ಲಗೆ "ಓಲೆ" ಅಂದರು.

ಆಮೇಲೆ ಅವಳು ಎಲಾದಿಯೊನನ್ನು ದಾಟಿ ಹೋಗಿ ನಿಯೆವೆಸ್ ಜೊತೆ ಕೂತು ಬೆರ್ಸಾ ಉಂಡಳು. ಆ ಚಳಿಗಾಲ ಪೂರ್ತಿ ಅವನೊಡನೆ ಮಾತಾಡಲಿಲ್ಲ, ಪೆನ್ಯಾಕ್ಕೂ ಬರಲಿಲ್ಲ. ಅವಳ ಮನೆಯಿಂದ ಹಾಡು ಕೇಳುತ್ತದೆಯೇ ಎಂದು ಅವನು ಆ ಬೀದಿಯಲ್ಲಿ ವ್ಯಾನಿನ ವೇಗ ತಗ್ಗಿಸಿ ಹೋಗುತ್ತಿದ್ದ. ಕಿಟಕಿಗಳು ಮುಚ್ಚಿರುತ್ತಿದ್ದವು. ಎರ್ಮಿನಿಯಾಳ ಮನೆಯ ಮಾತು ನೆನಪಾಗುತ್ತಿತ್ತು.

ವಸಂತದಲ್ಲಿ ಹೊಸ ಪ್ರದರ್ಶನಕ್ಕಾಗಿ ಅವನು ಮತ್ತೆ ಅದೇ ಏಣಿ ಹತ್ತಿದ್ದ. ಕೆಳಗೆ ಬಕೆಟ್ಟು ಕಿಣಿಗುಟ್ಟಿತು.

"ಆ ಚಿತ್ರ ವಾಲಿದೆ."

"ಎಡಕ್ಕೋ, ಬಲಕ್ಕೋ, ತಿಯಾ?" ಅಂದ, ಬಾಯಲ್ಲಿ ಕಚ್ಚಿದ್ದ ಮೊಳೆಗಳ ನಡುವಿನಿಂದಲೇ.

"ನನ್ನ ಯಾಕೆ ಕೇಳ್ತೀಯ? ನೀನು ಯಾರನ್ನೂ ಕೇಳ್ದೆ ಸರಿಮಾಡೋನಲ್ವಾ?"

ಒರೆಸುವ ಬಟ್ಟೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಹಾಡು ಬಂತು, ತಗ್ಗಿನ ಶ್ರುತಿಯಲ್ಲಿ. ಅವನು ಏಣಿಯಿಂದ ಇಳಿಯಲಿಲ್ಲ. ಬಾಯಲ್ಲಿದ್ದ ಮೊಳೆಗಳನ್ನು ತೆಗೆಯಲೂ ಭಯವಾಯಿತು.

ದಾಮಿಯಾನಾ ಈಗ ಕೆಲಸ ಬಿಟ್ಟಿದ್ದಾಳೆ. ತಿಂಗಳಿಗೊಂದು ಭಾನುವಾರ ಪೆನ್ಯಾದಲ್ಲಿ ಹಾಡುತ್ತಾಳೆ, ಮೂರಕ್ಕೆ, ನೆಗಡಿಯಿದ್ದರೆ ಎರಡಕ್ಕೆ. ಬಾರಿಸುವವನು ಎಲಾದಿಯೊ. ಕೂರುವ ಮೊದಲು ಅವಳು ಚೀಲದಿಂದ ಸರಿಯಾದ ಸ್ವರ ಕೊಡುವ ಉಕ್ಕಿನ ಶ್ರುತಿಕವೆ ತೆಗೆದು ಮಂಡಿಗೆ ತಟ್ಟುತ್ತಾಳೆ, ಅವನಿಂದ ಗಿಟಾರಿನ ತಂತಿ ಮೀಟಿಸಿ, ಎಲ್ಲರೆದುರು ಎರಡನ್ನೂ ತಾಳೆ ನೋಡುತ್ತಾಳೆ.